ಎರಡು ಪಾಯಿಂಟ್ ಇನ್ಸುಲಿನ್

ಶುಕ್ರವಾರ ಬಂತೆಂದರೆ ನನ್ನ ಸೊಂಟ ನನಗಿಂತ ಮೊದಲೇ ಎದ್ದು ಕೂರುತ್ತಿತ್ತು. ಗೋಕಾಕದಿಂದ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ನನಗೆ ಸಿಗುತ್ತಿದ್ದದ್ದು ಯಾವಾಗಲೂ ಹಿಂದಿನ ಸೀಟೇ. ಮಂಗಳವಾರ ಮೂಡಲಗಿ, ಶುಕ್ರವಾರ ಹುಕ್ಕೇರಿ, ಉಳಿದ ದಿನ ಗೋಕಾಕದ ನಮ್ಮ ಸಣ್ಣ ನರ್ಸಿಂಗ್ ಹೋಮು. ತೊಂಬತ್ತರ ದಶಕದ ನಡುವಿನ ಮಾತು. 'ಮೂರು ಊರಿನ ಡಾಕ್ಟರಬಾಯಿ' ಎಂದು ಜನ ಅಭಿಮಾನದಿಂದ ಕರೆಯುತ್ತಿದ್ದರು. ಅಭಿಮಾನದಿಂದ ಸೊಂಟನೋವು ಇಳಿಯುವುದಿಲ್ಲವಲ್ಲ.

ಅಂಥ ಒಂದು ಶುಕ್ರವಾರ ಹತ್ತರಗಿಯ ಕಡೆಯ ಒಂದು ತೋಟದ ಮನೆಯಿಂದ ಅಜ್ಜರೊಬ್ಬರು ತಮ್ಮ ಸೊಸೆಯನ್ನೂ ಏಳನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳನ್ನೂ ಕರೆದುಕೊಂಡು ಹುಕ್ಕೇರಿಯ ಕ್ಲಿನಿಕ್ಕಿಗೆ ಬಂದರು. ಜೈನರು, ಒಕ್ಕಲುತನದ ಜೊತೆಗೆ ಬೆಲ್ಲದ ವ್ಯಾಪಾರವನ್ನೂ ಇಟ್ಟುಕೊಂಡವರು. ಹುಡುಗಿ ತಂಬಿಗೆಗಟ್ಟಲೆ ನೀರು ಕುಡಿಯುತ್ತಾಳೆ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ ಎಂದು ತಾಯಿ ಸಣ್ಣ ದನಿಯಲ್ಲಿ ಹೇಳಿದಳು. ಹುಡುಗಿ ನಾಚಿಕೆಯಿಂದ ಗೋಡೆಯ ಕಡೆ ಮುಖ ಮಾಡಿದಳು. ಮೂತ್ರದ ಕೆಲವು ಹನಿಗಳನ್ನು ನೀಲಿ ದ್ರಾವಣಕ್ಕೆ ಬಿಟ್ಟು ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ನೋಡುತ್ತಿದ್ದಂತೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಮೂತ್ರದಲ್ಲಿ ಸಕ್ಕರೆ ತುಂಬಿದೆ ಎಂದರ್ಥ. ದೊಡ್ಡವರಲ್ಲಿ ಆ ಬಣ್ಣವನ್ನು ದಿನವೂ ನೋಡುತ್ತಿದ್ದೆ. ಹನ್ನೆರಡರ ಹುಡುಗಿಯಲ್ಲಿ ನೋಡಿದಾಗ ನಂಬಲಾಗದೆ ಇನ್ನೊಮ್ಮೆ ಕಾಯಿಸಿದೆ.

ಇನ್ಸುಲಿನ್ ಬೇಕು, ದಿನಾ ಬೇಕು, ಬದುಕಿರುವವರೆಗೂ ಬೇಕು ಎಂದು ಹೇಳಿದೆ. ತಾಯಿ ಅಳತೊಡಗಿದಳು. ಅಜ್ಜ ಅಳಲಿಲ್ಲ. ಅವರು ಕೇಳಿದ್ದು ಬೇರೆಯೇ.

"ಇದನ್ನ ಎದರಿಂದ ಮಾಡ್ತಾರ್ರಿ ಬಾಯಾರ?"

ಅಷ್ಟು ವರ್ಷಗಳಲ್ಲಿ ಯಾವ ರೋಗಿಯೂ ನನ್ನನ್ನು ಇದನ್ನು ಕೇಳಿರಲಿಲ್ಲ.

"ಆಕಳದ ಹೊಟ್ಟಿಯೊಳಗ ಮೇದೋಜೀರಕ ಅಂತ ಒಂದು ಗ್ರಂಥಿ ಇರತೈತ್ರಿ ಅಜ್ಜಾರ. ಕಡದ ಆಕಳದ್ದು ತಗೊಂಡು ಅದರಿಂದ ಮಾಡ್ತಾರ."

ಅಜ್ಜ ಕುರ್ಚಿಯಿಂದ ಎದ್ದರು. ಹೊರಗೆ ಹೋಗಲಿಲ್ಲ. ಇನ್ನೊಂದು ಬಗೆಯದು ಬಂದಿದೆ, ಅದಕ್ಕೆ ಹ್ಯೂಮನ್ ಇನ್ಸುಲಿನ್ ಎನ್ನುತ್ತಾರೆ, ಬೆಳಗಾವಿಯಿಂದ ತರಿಸಬೇಕು ಎಂದೆ.

"ಹ್ಯೂಮನ್ ಅಂದರ? ಮನಷ್ಯಾರನ್ನ ಕಡೀತಾರೇನ್ರಿ?"

ಆ ಗಳಿಗೆಯಲ್ಲೂ ನನಗೆ ನಗು ಬಂತು. ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳಿಂದ ಅದನ್ನು ಮಾಡಿಸುತ್ತಾರೆ, ಮನುಷ್ಯನ ದೇಹ ಮಾಡುವುದರ ಪಡಿಯಚ್ಚು ಅದು ಎಂದು ವಿವರಿಸಿದೆ. ಅಜ್ಜ ಬೆರಳು ಮಡಚಿ ಎಣಿಸಿದರು. "ಅವು ಏಕೇಂದ್ರಿಯ ಜೀವ. ಸಂಸಾರಸ್ಥರಿಗೆ ನಡೀತೈತಿ. ಅದನ್ನ ತರಸ್ರಿ" ಎಂದು ಕೂತರು. ಅವರ ಧರ್ಮದಲ್ಲಿ ಜೀವಿಗಳಿಗೆ ಇಂದ್ರಿಯಗಳ ಎಣಿಕೆಯ ಮೇಲೆ ಮೆಟ್ಟಿಲುಗಳಿವೆ. ಒಂದೇ ಇಂದ್ರಿಯದ ಜೀವಿ ಕೆಳಗಿನ ಮೆಟ್ಟಿಲು. ಆಕಳು ಬಹಳ ಮೇಲಿನದು.

ಬೆಳಗಾವಿಯಿಂದ ಥರ್ಮಾಸಿನಲ್ಲಿ ಔಷಧ ಬಂತು. ಅವರ ತೋಟದ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಮಣ್ಣಿನ ಗಡಿಗೆಯಲ್ಲಿ ಒದ್ದೆ ಉಸುಕು ತುಂಬಿ, ಬಾಟಲಿಯನ್ನು ಅದರಲ್ಲಿ ಹೂತಿಡುವುದನ್ನು ತಾಯಿಗೆ ಕಲಿಸಿದೆ. ರಾತ್ರಿ ಊಟ ಅವರಲ್ಲಿ ಇಲ್ಲ. ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುತ್ತಾರೆ. ಅದಕ್ಕೆ ತಕ್ಕಂತೆ ಸಂಜೆಯ ಸೂಜಿಯನ್ನು ಬೇಗ ಹಾಕುವಂತೆ ಹೇಳಿದೆ. ಹುಡುಗಿ ಮೊದಲ ದಿನ ಕಿರುಚಿದಳು. ಆಮೇಲೆ ತಾನೇ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಳ್ಳತೊಡಗಿದಳು. ಯೂನಿಟ್ಟಿಗೆ ನಮ್ಮ ಕಡೆ ಪಾಯಿಂಟ್ ಎನ್ನುತ್ತಾರೆ. ಬೆಳಿಗ್ಗೆ ಹನ್ನೆರಡು ಪಾಯಿಂಟ್, ಸಂಜೆ ಆರು ಪಾಯಿಂಟ್.

ಎರಡು ತಿಂಗಳು ಕಳೆಯುವುದರೊಳಗೆ ವಿಚಿತ್ರ ಶುರುವಾಯಿತು. ಹುಡುಗಿಗೆ ಮೇಲಿಂದ ಮೇಲೆ ಬೆವರು, ನಡುಕ, ಹಸಿವು. ಸಕ್ಕರೆ ತೀರ ಇಳಿದುಹೋಗುತ್ತಿತ್ತು. ವಾರ ವಾರ ಇನ್ಸುಲಿನ್ ಕಡಿಮೆ ಮಾಡುತ್ತ ಬಂದೆ. ಹನ್ನೆರಡು ಎಂಟಾಯಿತು, ನಾಲ್ಕಾಯಿತು. ಸಂಜೆಯದನ್ನು ನಿಲ್ಲಿಸಿದೆ. ಕೊನೆಗೆ ಬೆಳಿಗ್ಗೆ ಎರಡು ಪಾಯಿಂಟಿಗೆ ಬಂದು ನಿಂತಿತು. ಮೂತ್ರ ಕಾಯಿಸಿದರೆ ನೀಲಿ ನೀಲಿಯಾಗಿಯೇ ಉಳಿಯುತ್ತಿತ್ತು.

ಅಜ್ಜ ಬಸದಿಗೆ ಹೋಗಿ ಪೂಜೆ ಮಾಡಿಸಿಕೊಂಡೇ ನನ್ನಲ್ಲಿಗೆ ಬಂದರು. "ಗುಣಾ ಆತಲ್ರಿ ಬಾಯಾರ. ಇನ್ನ ಎರಡ ಪಾಯಿಂಟ್ ಯಾತಕ್ಕ? ಬಿಟ್ಟಬಿಡೂಣು" ಎಂದರು.

ಇದನ್ನು ಅವರಿಗೆ ತಿಳಿಸಿ ಹೇಳುವುದು ನನಗೆ ಸುಲಭವಾಗಿರಲಿಲ್ಲ. ನಾನು ಓದುವಾಗ ಆಗಷ್ಟೇ ಈ ವಿಷಯ ಮಾತಿಗೆ ಬರುತ್ತಿತ್ತು. ಇಂಥ ಮಕ್ಕಳಲ್ಲಿ ದೇಹದ ಕಾವಲಿನ ಕೋಶಗಳೇ ದಾರಿ ತಪ್ಪಿ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳ ಮೇಲೆ ಬೀಳುತ್ತವೆ. ಬೀಳುವಾಗ ಒಂದಕ್ಕೊಂದು ಸಂದೇಶ ಕಳಿಸುವ ಅಣುಗಳನ್ನು ಸುರಿಯುತ್ತವೆ. ಸೈಟೊಕೈನ್ ಎಂದು ಅವುಗಳ ಹೆಸರು. ಪ್ರಯೋಗಶಾಲೆಯ ತಟ್ಟೆಯಲ್ಲಿಟ್ಟ ಬೀಟಾ ಕೋಶಗಳಿಗೆ ಆ ಅಣುಗಳನ್ನು ಹಾಕಿದರೆ ಅವು ತಕ್ಷಣ ಸಾಯುವುದಿಲ್ಲ. ಮೊದಲು ಇನ್ಸುಲಿನ್ ಬಿಡುವುದನ್ನು ನಿಲ್ಲಿಸುತ್ತವೆ. ಸಕ್ಕರೆ ಎಷ್ಟೇ ಸುರಿದರೂ ಮಿಸುಕುವುದಿಲ್ಲ. ಆ ಅಣುಗಳನ್ನು ಬೇಗ ತೊಳೆದರೆ ಮತ್ತೆ ಕೆಲಸಕ್ಕೆ ಹತ್ತುತ್ತವೆ. ತಡವಾದರೆ ಸತ್ತುಹೋಗುತ್ತವೆ. ಈ ಹುಡುಗಿಯಲ್ಲಿ ಹೊರಗಿನ ಇನ್ಸುಲಿನ್ ಬಂದು ಕೋಶಗಳಿಗೆ ಬಿಡುವು ಸಿಕ್ಕಿತ್ತು, ಒಳಗಿನ ಗದ್ದಲವೂ ಸ್ವಲ್ಪ ಇಳಿದಿತ್ತು. ಸತ್ತವು ಸತ್ತಿದ್ದವು. ಬಾಯಿ ಮುಚ್ಚಿಕೊಂಡು ಕೂತಿದ್ದ ಕೋಶಗಳು ಎದ್ದಿದ್ದವು.

ಬೆಲ್ಲದ ವ್ಯಾಪಾರಿಯಲ್ಲವೇ, ಅಂಗಡಿಯ ಮಾತಿನಲ್ಲೇ ಹೇಳಿದೆ. "ಪ್ಯಾಟ್ಯಾಗ ಗಲಾಟಿ ಆದರ ಅಂಗಡಿಯವ್ರು ಏನ್ ಮಾಡ್ತಾರ್ರಿ ಅಜ್ಜಾರ?"

"ಬಾಗಲಾ ಹಾಕ್ಕೋತಾರ."

"ಕೆಲವು ಅಂಗಡಿ ಸುಟ್ಟ ಹೋಗತಾವು. ಕೆಲವು ಸುಟ್ಟಿರೂದಿಲ್ಲ, ಅಂಜಿ ಬಾಗಲಾ ಹಾಕ್ಕೊಂಡಿರತಾವು. ಈಕಿ ಹೊಟ್ಟ್ಯಾಗ ಗಲಾಟಿ ತಣ್ಣಗಾಗೇತಿ. ಉಳದ ಅಂಗಡಿ ಬಾಗಲಾ ತಗದಾವು."

"ಹಂಗಾರ ಗಲಾಟಿ ಮುಗೀತು. ಮತ್ಯಾಕ ಔಷಧಾ?"

"ಗಲಾಟಿ ಮಾಡಾವ್ರು ಊರಾಗ ಅದಾರ್ರಿ. ಎಲ್ಲೂ ಹೋಗಿಲ್ಲ. ಒಂದು ಜ್ವರಾ ಬಂದರ ಸಾಕು, ಮತ್ತ ಎದ್ದ ಬರತಾರ. ಈ ಎರಡ ಪಾಯಿಂಟ್ ಇದ್ದರ ಉಳದ ಅಂಗಡಿಗೆ ಜರಾ ಆಸರ ಇರತೈತಿ. ಬಿಟ್ಟರ ಒಂದ ಪೆಟ್ಟಿಗೆ ಎಲ್ಲಾ ಹೋಗತಾವು. ಹುಡುಗೀನೂ ಹೋಗತಾಳ."

ಕೊನೆಯ ಮಾತನ್ನು ಅಷ್ಟು ಕಟುವಾಗಿ ಹೇಳಬಾರದಿತ್ತೇನೋ. ಆದರೆ ಅಂದು ನಲವತ್ತಕ್ಕೂ ಹೆಚ್ಚು ಜನರನ್ನು ನೋಡಿ ನನಗೆ ಸಾಕಾಗಿತ್ತು. ಅಜ್ಜ ಒಪ್ಪಿದರು. ಎರಡು ಪಾಯಿಂಟ್ ಉಳಿಯಿತು.

ಬೇಸಿಗೆಯಲ್ಲಿ ಮದುವೆಗಳು ಶುರುವಾದವು. ಒಂದು ಬುಧವಾರ ಬೆಳಿಗ್ಗೆ ನಾನು ಗೋಕಾಕದಲ್ಲಿ ರೌಂಡ್ಸ್ ಮುಗಿಸಿ ಚಹಾಕ್ಕೆ ಕೈ ಹಾಕಿದ್ದೆ. ಜೀಪೊಂದು ಬಾಗಿಲಿಗೆ ಬಂದು ನಿಂತಿತು. ಅದೇ ಅಜ್ಜ, ಅದೇ ತಾಯಿ, ಜೊತೆಗೆ ತಂದೆ. ಹುಡುಗಿ ತಂದೆಯ ಹೆಗಲ ಮೇಲಿದ್ದಳು. ತುಕ್ಕಾನಟ್ಟಿಯಲ್ಲಿ ನೆಂಟರ ಮನೆಯ ಮದುವೆ, ನಾಲ್ಕು ದಿನದಿಂದ ಅಲ್ಲೇ ಇದ್ದಾರೆ. ನಿನ್ನೆಯಿಂದ ಜ್ವರ, ವಾಂತಿ. ಹುಡುಗಿಯ ಉಸಿರು ಆಳಕ್ಕೆ ಇಳಿದು ಮೇಲಕ್ಕೆ ಏಳುತ್ತಿತ್ತು. ಬಾಯಿ ಹತ್ತಿರ ಬಗ್ಗಿದರೆ ಕೊಳೆತ ಹಣ್ಣಿನ ವಾಸನೆ. ನಾನು ಕೇಳುವ ಮೊದಲೇ ತಾಯಿ ಹೇಳಿದಳು.

"ಬಾಟ್ಲಿ ಗಡಿಗ್ಯಾಗ ಉಳೀತ್ರಿ ಬಾಯಾರ. ಎರಡ ಪಾಯಿಂಟ್ ಅಲ್ಲಾ, ನಾಕ ದಿನಕ್ಕ ಏನ್ ಆಗತೈತಿ ಅಂದ್ವಿ."

ಬೈಯಲು ಬಾಯಿ ತೆರೆದೆ. ಬೈಯದೆ ಹುಡುಗಿಯನ್ನು ಒಳಗೆ ಮಲಗಿಸಲು ಹೇಳಿದೆ.

ರೋಥೆರಾ ಪರೀಕ್ಷೆ ಮಾಡಿದೆ. ಮೂತ್ರಕ್ಕೆ ಉಪ್ಪು ಬೆರೆಸಿ, ಅಮೋನಿಯಾವನ್ನು ನಿಧಾನವಾಗಿ ಮೇಲೆ ಬಿಟ್ಟರೆ, ದೇಹ ಕೊಬ್ಬನ್ನು ಸುಡುತ್ತಿದ್ದರೆ ನೇರಳೆ ಉಂಗುರ ಮೂಡುತ್ತದೆ. ಇಲ್ಲಿ ಉಂಗುರವಲ್ಲ, ಕೊಳವೆಯೇ ನೇರಳೆಯಾಯಿತು. ರಕ್ತ ಆಮ್ಲವಾಗುತ್ತಿತ್ತು. ಸಲೈನ್ ಶುರು ಮಾಡಿದೆ. ಇನ್ಸುಲಿನ್ ಈಗಲೇ ಬೇಕು, ತಾಸು ತಾಸಿಗೂ ಬೇಕು. ನಮ್ಮ ಕಪಾಟಿನಲ್ಲಿ ಇದ್ದದ್ದು ಆಕಳದ್ದು. ಗೋಕಾಕದ ಅಂಗಡಿಗಳಲ್ಲಿ ಇದ್ದದ್ದೂ ಅದೇ. ಮದುವೆಮನೆಯ ಜೀಪು ಮರಳಿ ಹೋಗಿದ್ದರಿಂದ, ಹತ್ತರಗಿಯ ಗಡಿಗೆಯಲ್ಲಿದ್ದ ಬಾಟಲಿ ತರಲು ತಂದೆ ಬಸ್ಸು ಹಿಡಿದು ಹೊರಟ. ತೋಟದವರೆಗೆ ಹೋಗಿ ಬರಲು ಅರ್ಧ ದಿನವಾದರೂ ಬೇಕು. ಹುಡುಗಿಗೆ ಅರ್ಧ ದಿನ ಇರಲಿಲ್ಲ.

ಸಿರಿಂಜಿಗೆ ಔಷಧ ಎಳೆದುಕೊಂಡು ನಿಂತಿದ್ದೆ. ನಮ್ಮ ಸಿಸ್ಟರ್ ಕಿವಿಯ ಹತ್ತಿರ ಬಂದರು. ಈ ಮನೆಯವರ ಕಥೆ ಅವರಿಗೂ ಗೊತ್ತಿತ್ತು.

"ಹೇಳೂದ್ಯಾಕ್ರಿ ಮೇಡಂ? ಹಾಕ್ಬಿಡ್ರಿ. ನೀರಿನಂಗ ಐತಿ, ಅವರಿಗೇನ್ ಗೊತ್ತಾಗತೈತಿ?"

ಖರೆ ಹೇಳಬೇಕೆಂದರೆ ನನಗೂ ಅದೇ ಅನಿಸಿತ್ತು. ವಾದ ಮಾಡುವ ಶಕ್ತಿ ನನ್ನಲ್ಲಿ ಇರಲಿಲ್ಲ. ಅವರು ಬೇಡ ಎಂದರೆ ಏನು ಮಾಡುವುದು ಎಂಬ ಭಯವೂ ಇತ್ತು. ಆದರೆ ಈ ಹುಡುಗಿ ಉಳಿದರೆ ಈ ಮನೆಯವರು ಇನ್ನೂ ಎಷ್ಟೋ ವರ್ಷ ನನ್ನ ಬಾಯಿಮಾತನ್ನು ನಂಬಿ ದಿನಾ ಸೂಜಿ ಚುಚ್ಚಬೇಕು. ಇಂದು ಸುಳ್ಳು ಹೇಳಿ, ನಾಳೆ ಗೊತ್ತಾದರೆ, ನಾನು ಕೊಟ್ಟ ಯಾವ ಬಾಟಲಿಯನ್ನೂ ಅವರು ಮುಟ್ಟುವುದಿಲ್ಲ. ಅವತ್ತು ಮತ್ತೆ ಈ ಹುಡುಗಿಯೇ ಸಾಯುವುದು. ಸಿರಿಂಜು ಹಿಡಿದುಕೊಂಡೇ ಹೊರಗೆ ಹೋದೆ. ಅಜ್ಜ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು.

"ಅಜ್ಜಾರ, ಇದು ಆಕಳದ್ದು. ನಿಮ್ಮ ಬಾಟ್ಲಿ ಬರೂತನಕ ಕಾಯಾಕ ಆಗೂದಿಲ್ಲ. ಹಾಕದಿದ್ದರ ಹುಡುಗಿ ಉಳಿಯೂದಿಲ್ಲ."

ಅವರು ಸಿರಿಂಜನ್ನೇ ನೋಡಿದರು. ತುಟಿ ಅಲುಗಿತು. ಒಳಗಿನಿಂದ ಹುಡುಗಿಯ ಉಸಿರು ಹೊರಗೂ ಕೇಳುತ್ತಿತ್ತು.

"ನೀವು ಹಾಕ್ರಿ ಬಾಯಾರ. ಉಳದದ್ದು ನಾ ನೋಡ್ಕೋತೀನಿ."

ಉಳಿದದ್ದು ಏನು ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಒಳಗೆ ಓಡಿದೆ.

ಹನಿ ಹನಿಯಾಗಿ ಅಳೆದು ಬಿಡುವ ಪಂಪು ನಮ್ಮಲ್ಲಿ ಇರಲಿಲ್ಲ. ಇನ್ಸುಲಿನ್ನನ್ನು ಸಲೈನಿನಲ್ಲಿ ಬೆರೆಸಿ, ಗಡಿಯಾರ ಹಿಡಿದು ಹನಿ ಎಣಿಸಬೇಕು. ಇನ್ಸುಲಿನ್ ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುತ್ತದೆ. ಮೊದಲಷ್ಟನ್ನು ಕೊಳವೆಯಿಂದ ಹರಿಸಿ ಚೆಲ್ಲದಿದ್ದರೆ ರೋಗಿಗೆ ಬರೀ ಉಪ್ಪುನೀರು ಹೋಗುತ್ತದೆ. ಚೆಲ್ಲಿದೆ. ಇನ್ಸುಲಿನ್ ಹೋದಂತೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯವೇ ನಿಲ್ಲಬಹುದು. ಅದನ್ನು ಅಳೆಯಲು ರಕ್ತವನ್ನು ಬೆಳಗಾವಿಗೆ ಕಳಿಸಬೇಕಿತ್ತು. ವರದಿ ಬರುವುದರೊಳಗೆ ಏನಾಗಬೇಕೋ ಅದು ಆಗಿಹೋಗಿರುತ್ತದೆ. ಹಾಗಾಗಿ ಇಸಿಜಿ ಪಟ್ಟಿಯ ಅಲೆಗಳ ಎತ್ತರ ನೋಡಿ ಅಂದಾಜು ಮಾಡುತ್ತಿದ್ದೆ. ಹುಡುಗಿ ಮೂತ್ರ ಮಾಡಿದ ಮೇಲೆ, ಅಲೆ ಚಪ್ಪಟೆಯಾಗುವುದನ್ನು ಕಂಡು, ಪೊಟ್ಯಾಸಿಯಂ ಸೇರಿಸಿದೆ. ನಡುವೆ ಕರೆಂಟು ಹೋಯಿತು. ಬೇಸಿಗೆಯ ಮಧ್ಯಾಹ್ನ, ಫ್ಯಾನೂ ಇಲ್ಲ. ಸಿಸ್ಟರ್ ಒಂದು ಕೈಯಲ್ಲಿ ರಟ್ಟು ಹಿಡಿದು ಹುಡುಗಿಗೆ ಗಾಳಿ ಹಾಕುತ್ತ ಇನ್ನೊಂದು ಕೈಯಲ್ಲಿ ನಾಡಿ ನೋಡುತ್ತಿದ್ದರು.

ನಾಲ್ಕು ತಾಸು ಕಳೆದರೂ ಮೂತ್ರ ಇಟ್ಟಂಗಿ ಬಣ್ಣದ್ದೇ. ರಕ್ತದ ಸಕ್ಕರೆ ಇಳಿದಂತೆ ಮಾಡಿ ಮತ್ತೆ ನಿಂತುಬಿಟ್ಟಿತು. ಇನ್ಸುಲಿನ್ನನ್ನು ಏರಿಸಿದೆ. ಕದಲಲಿಲ್ಲ. ಬಾಟಲಿ ಕೆಟ್ಟಿದೆಯೇನೋ ಎಂದು ಹೊಸದನ್ನು ಒಡೆದೆ. ಸೂಜಿ ರಕ್ತನಾಳದಿಂದ ಜಾರಿದೆಯೇ ಎಂದು ನೋಡಿದೆ. ಎಲ್ಲ ಸರಿ ಇತ್ತು. ಸ್ಟೂಲಿನ ಮೇಲೆ ಕುಸಿದು ಕೂತೆ. ಕಾಲು ಜೋಮು ಹಿಡಿದಿತ್ತು. ಬೆಳಗಿನ ಚಹಾ ಮೇಜಿನ ಮೇಲೆ ಕೆನೆ ಕಟ್ಟಿತ್ತು.

ಔಷಧ ಬಿಟ್ಟದ್ದಷ್ಟೇ ಕಾರಣವಾಗಿದ್ದರೆ ಇಷ್ಟು ಹೊತ್ತಿಗೆ ತಿರುಗಬೇಕಿತ್ತು. ಅಜ್ಜನಿಗೆ ನಾನೇ ಹೇಳಿದ ಮಾತು ನೆನಪಾಯಿತು. ಗಲಾಟೆ ಮಾಡುವವರು ಎಲ್ಲೋ ಎದ್ದಿದ್ದಾರೆ. ಎಲ್ಲೋ ಕೀವು ಇದೆ. ಅಲ್ಲಿಂದ ಆ ಸಂದೇಶದ ಅಣುಗಳು ರಕ್ತದಲ್ಲಿ ಹರಿದುಬರುತ್ತಿವೆ. ಉಳಿದ ಅಷ್ಟಿಷ್ಟು ಬೀಟಾ ಕೋಶಗಳ ಬಾಯಿ ಮುಚ್ಚಿಸಿವೆ. ಸಾಲದ್ದಕ್ಕೆ, ನಾನು ಹೊರಗಿನಿಂದ ಕೊಡುತ್ತಿರುವ ಇನ್ಸುಲಿನ್ನಿಗೆ ಸ್ನಾಯುಗಳೂ ಕಿವಿಗೊಡದಂತೆ ಮಾಡಿವೆ. ಗಂಟಲು ನೋಡಿದ್ದೆ, ಎದೆ ಕೇಳಿದ್ದೆ, ಹೊಟ್ಟೆ ಒತ್ತಿದ್ದೆ. ಮತ್ತೆ ಮೊದಲಿನಿಂದ ಹುಡುಕಿದೆ. ಅಂಗಾಲು, ಕಂಕುಳ, ಸೂಜಿ ಚುಚ್ಚುತ್ತಿದ್ದ ಜಾಗ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಏನೂ ಇಲ್ಲ.

ತಲೆಯ ಕಡೆ ಬಂದೆ. ಜ್ವರ ಬಂದವರ ಕಿವಿಗೆ ಗಾಳಿ ಹೊಗಬಾರದೆಂದು ನಮ್ಮಲ್ಲಿ ಬಟ್ಟೆ ಕಟ್ಟುತ್ತಾರೆ. ಬೇಸಿಗೆಯಾದರೂ ಬಿಡುವುದಿಲ್ಲ. ಹುಡುಗಿಗೂ ಉಣ್ಣೆಯ ಮಫ್ಲರ್ ಬಿಗಿದು ಕಟ್ಟಿತ್ತು. ದಿನಕ್ಕೆ ಹತ್ತು ಜನರನ್ನು ಹಾಗೆ ನೋಡುವ ನನಗೆ ಅದು ಮೈಯ ಭಾಗವೇ ಆಗಿಹೋಗಿತ್ತು.

"ಅದನ್ನ ಬಿಚ್ಚಬ್ಯಾಡ್ರಿ ಬಾಯಾರ. ಗಾಳಿ ಹೊಕ್ಕೀತು" ಎಂದಳು ತಾಯಿ.

ಬಿಚ್ಚಿದೆ. ಬಲಗಿವಿಯ ಮೇಲಿನ ಅರ್ಧ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. ಅದರ ನಡುವೆ, ಊತದಲ್ಲಿ ಹುದುಗಿಹೋಗಿ, ಚಿನ್ನದ ಬುಗುಡಿ. ಕಿವಿಯ ಮೇಲ್ತುದಿಯ ಮೃದು ಎಲುಬಿಗೆ ತೂತು ಮಾಡಿ ಹಾಕುವ ಹಳೆಯ ಕಾಲದ ಆಭರಣ ಅದು. ತೀರಿಹೋದ ಅಜ್ಜಿಯದು. ಮದುವೆಯಲ್ಲಿ ಹಾಕಿಕೊಳ್ಳಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಹಿಂದಿನ ವಾರ ಅಕ್ಕಸಾಲಿಗನಲ್ಲಿ ಚುಚ್ಚಿಸಿದ್ದರು. ನೋಯುತ್ತಿದೆ ಎಂದರೆ ಬಿಚ್ಚಿಸಿಬಿಡುತ್ತಾರೆಂದು ಹುಡುಗಿ ಯಾರಿಗೂ ಹೇಳದೆ ಕೂದಲು ಮುಚ್ಚಿಕೊಂಡಿದ್ದಳು.

ಪಕ್ಕದ ಬೀದಿಯ ಸರ್ಜನ್ನರನ್ನು ಕರೆಸಿದೆ. ಅವರು ಬುಗುಡಿ ತೆಗೆದು, ಕಿವಿ ಸೀಳಿ, ಕೀವು ಹೊರಗೆ ಬಿಟ್ಟರು. ಸಣ್ಣ ಬಟ್ಟಲಿನ ತಳ ಮುಚ್ಚುವಷ್ಟು ಕೀವು. ಇಷ್ಟೇ ಇಷ್ಟು ಕೀವು ದಿನವಿಡೀ ನಮ್ಮನ್ನು ಕುಣಿಸಿತ್ತು. ನಾನು ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರು ಮಾಡಿದೆ. ಸಂಜೆಯ ಹೊತ್ತಿಗೆ ಕಾಯಿಸಿದ ಮೂತ್ರ ಮೊದಲ ಸಲ ಕೆಂಪು ಬಿಟ್ಟು ಹಳದಿಗೆ ಬಂತು. ಉಸಿರು ನಿಧಾನವಾಯಿತು. ಹುಡುಗಿ ಕಣ್ಣು ತೆರೆದು ಕೇಳಿದ್ದು ಒಂದೇ.

"ಬುಗುಡಿ ಎಲ್ಲೈತಿ?"

ಸಿಸ್ಟರ್ ನಕ್ಕರು. ನನಗೆ ಅಳು ಬಂತು. ಮುಖ ತೊಳೆಯುವ ನೆವದಲ್ಲಿ ಹೊರಗೆ ಹೋದೆ.

ಹತ್ತರಗಿಯಿಂದ ತಂದೆ ಬಾಟಲಿಯನ್ನೂ ಬುತ್ತಿಯನ್ನೂ ತಂದಾಗ ಹೊತ್ತು ಮುಳುಗಿತ್ತು. ಅಲ್ಲಿಂದ ಮುಂದಿನ ಇನ್ಸುಲಿನ್ನೆಲ್ಲ ಆ ಬಾಟಲಿಯದೇ. ಅಜ್ಜ ಬೆಳಗಿನಿಂದ ಉಂಡಿರಲಿಲ್ಲ. ಇನ್ನು ಸೂರ್ಯ ಹುಟ್ಟುವವರೆಗೆ ಉಣ್ಣುವಂತಿರಲಿಲ್ಲ. ಬುತ್ತಿಯ ಗಂಟನ್ನು ನನ್ನ ಕಡೆ ಸರಿಸಿ, "ನೀವರ ಉಣ್ರಿ" ಎಂದರು. ಜೋಳದ ರೊಟ್ಟಿ, ಕಾಳಿನ ಪಲ್ಯ. ನಿಂತಲ್ಲೇ ಉಂಡೆ. ಅಷ್ಟು ಹಸಿವಾಗಿದೆ ಎಂದು ನನಗೂ ಗೊತ್ತಿರಲಿಲ್ಲ.

ವಾರದ ಮೇಲೆ ಹುಡುಗಿಯನ್ನು ಮನೆಗೆ ಕಳಿಸಿದೆ. ಕಿವಿ ಸ್ವಲ್ಪ ಸೊಟ್ಟಗಾಯಿತು. ಇನ್ಸುಲಿನ್ ಮತ್ತೆ ಇಳಿಯಿತು, ಆದರೆ ಎರಡಕ್ಕೆ ಇಳಿಯಲೇ ಇಲ್ಲ. ಮಳೆಗಾಲದ ನೆಗಡಿಯೊಂದು ಬಂದುಹೋಯಿತು, ಡೋಸು ಏರಿತು. ದೀಪಾವಳಿಯ ಹೊತ್ತಿಗೆ ಇನ್ನಷ್ಟು. ಪ್ರತಿ ಶುಕ್ರವಾರ ಒಂದೊಂದು ಪಾಯಿಂಟ್ ಏರಿಸಿ ಬರೆದುಕೊಡುತ್ತಿದ್ದೆ. ಎಷ್ಟು ಒದ್ದಾಡಿದರೂ ಆ ಕೋಶಗಳನ್ನು ಉಳಿಸಿಕೊಳ್ಳುವ ಔಷಧ ನನ್ನಲ್ಲಿ ಇರಲಿಲ್ಲ. ಆಗ ಯಾರಲ್ಲೂ ಇರಲಿಲ್ಲ.

ಚಳಿಗಾಲದಲ್ಲಿ ಹುಕ್ಕೇರಿಯಿಂದ ಮರಳುವಾಗ ಒಮ್ಮೆ ಅವರ ತೋಟದ ಮನೆಗೆ ಹೋದೆ. ಔಷಧದ ಗಡಿಗೆ ನೋಡುವುದು ನೆಪ. ನಿಜವಾಗಿ ಹೇಳಬೇಕಾದದ್ದು ಬೇರೆ ಇತ್ತು. ಅದನ್ನು ಕ್ಲಿನಿಕ್ಕಿನ ಗದ್ದಲದಲ್ಲಿ ಹೇಳಲು ಮನಸ್ಸಾಗಿರಲಿಲ್ಲ. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿಯ ಈಗಿನ ಡೋಸು ಎಷ್ಟೆಂದು ಅವರಿಗೂ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಕೇಳಿದರು.

"ಅಂಗಡಿ ಎಲ್ಲಾ ಮುಚ್ಚಿದೂವೇನ್ರಿ ಬಾಯಾರ?"

"ಮುಚ್ಚಿದೂರಿ ಅಜ್ಜಾರ. ಇನ್ನ ತಗಿಯೂದಿಲ್ಲ."

ಅವರು ತಲೆಯಾಡಿಸಿದರು. ಅಂಗಳದಲ್ಲಿ ಎರಡು ಆಕಳು ಮೇವು ತಿನ್ನುತ್ತಿದ್ದವು. ಹುಡುಗಿ ಚಹಾ ತಂದಳು. ಈಗ ಮೈಕೈ ತುಂಬಿಕೊಂಡು ಲಂಗದ ಮೇಲೆ ಲಂಗ ಗಿಡ್ಡವಾಗುವಂತೆ ಬೆಳೆಯುತ್ತಿದ್ದಳು. ನನ್ನ ಕಪ್ಪಿನಲ್ಲಿ ಗಟ್ಟಿ ಹಾಲಿನ ಚಹಾ. ಅಜ್ಜನ ಲೋಟದಲ್ಲಿ ಕರಿಯ ಕಷಾಯದಂಥದ್ದು.

"ಹಾಲು ಯಾಕಿಲ್ಲ?" ಎಂದೆ, ಮಾತಿಗೆ.

"ಅಜ್ಜಾ ಹಾಲು ಬಿಟ್ಟಾನ್ರಿ" ಎಂದಳು ಹುಡುಗಿ. "ಮಸರು, ಮಜ್ಜಿಗಿ, ತುಪ್ಪಾ, ಎಲ್ಲಾ. ನಾ ಗೋಕಾಕದಾಗ ಮಲಗಿದ್ನಲ್ರಿ, ಅವತ್ತಿಂದ. ಸಾಯೂತನಕ ಬ್ಯಾಡ ಅಂತ ನೇಮಾ ಮಾಡ್ಯಾನ."

ಉಳಿದದ್ದು ನಾ ನೋಡ್ಕೋತೀನಿ ಎಂದಿದ್ದರಲ್ಲ. ಅಜ್ಜನ ಕಡೆ ತಿರುಗಿದೆ. ಅವರು ಲೋಟ ಕೆಳಗಿಟ್ಟರು.

"ಆಕಳಾ ನಮಗ ಕೊಡಬಾರದ್ದನ್ನೂ ಕೊಟ್ಟೈತ್ರಿ ಬಾಯಾರ. ಇನ್ನ ಅದರ ಕಡಿಂದ ನಾ ಏನ ಇಸಗೊಳ್ಳಲಿ?"

ಹಾಕಿದ್ದು ಬರೀ ಒಂದು ದಿನದ ಔಷಧ, ಅದಕ್ಕೆ ಈ ವಯಸ್ಸಿನಲ್ಲಿ ಇಷ್ಟು ದೊಡ್ಡ ನೇಮ ಬೇಕಿರಲಿಲ್ಲ ಎಂದು ಹೇಳಬೇಕೆಂದುಕೊಂಡೆ. ಅವರು ಮತ್ತೆ ಲೋಟ ಎತ್ತಿ ಆ ಕಹಿಯನ್ನು ಸಾವಕಾಶ ಕುಡಿದರು. ನಾನು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಚಹಾ ಆರುತ್ತಿತ್ತು. ಹುಡುಗಿ ಬಗ್ಗಿ ನನ್ನ ಮುಖ ನೋಡಿದಳು.

"ಯಾಕ್ರಿ ಬಾಯಾರ, ಸಕ್ಕರಿ ಕಮ್ಮಿ ಆತೇನ್ರಿ?"